ಹುಟ್ಟುಹೆಸರು

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಎರಡು ಮಾತು ಕೇಳಿದೆ. ಮದುವೆಯಾಗಿ ಮೂರು ವರ್ಷವಾಯಿತು, ‘ಮೆಣಸಿನಕಾಯಿ’ ಎಂಬ ಅಡ್ಡಹೆಸರು ತೆಗೆದು ಗಂಡನ ಹೆಸರು ಸೇರಿಸಿಕೊಳ್ಳಲೇ ಎಂಬುದು ಒಂದು. ಹೆಣ್ಣು ಹುಟ್ಟಿದರೆ ನಿನ್ನ ಹುಟ್ಟುಹೆಸರನ್ನೇ ಇಡಲೇ ಅವ್ವಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಲ್ಲೇ ಉತ್ತರ ಕೊಡಬಹುದಿತ್ತು. ಎರಡನೆಯದು ಕೇಳಿದಾಗ ಗಂಟಲು ಕಟ್ಟಿತು. ಹಾಲು ಉಕ್ಕುತ್ತಿದೆ ಎಂದು ಹೇಳಿ ಫೋನ್ ಇಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ.

ನನ್ನ ಹೆಸರು ಹೋದ ಬಗೆಯನ್ನು ನಿನಗೆ ಪೂರ್ತಿಯಾಗಿ ಎಂದೂ ಹೇಳಿಲ್ಲ. 1984ರಲ್ಲಿ, ತಾಳಿ ಕಟ್ಟಿದ ಮೇಲೆ, ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರವಿ ನಿನ್ನ ಅಪ್ಪನ ಕೈಗೆ ಉಂಗುರ ಕೊಟ್ಟರು. ಅತ್ತೆಯ ಹೆಸರು ಗಂಗವ್ವ, ನನ್ನದೂ ಗಂಗವ್ವ. ಹೆತ್ತ ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದು ಹೇಗೆ ಎಂದು ಹಿರಿಯರು ಮೊದಲೇ ಮಾತಾಡಿಕೊಂಡಿದ್ದರು. ನನಗಿಟ್ಟ ಹೊಸ ಹೆಸರು ‘ಸುನಂದಾ’ ಎಂದು ಉಂಗುರದಿಂದ ಅಕ್ಕಿಯಲ್ಲಿ ಬರೆಯುವಾಗ ನಡುವಿನ ಸೊನ್ನೆ ಅಕ್ಕಿ ಜರಿದು ಮುಚ್ಚಿಹೋಯಿತು. ನಿನ್ನ ಅಪ್ಪ ಮತ್ತೊಮ್ಮೆ ತಿದ್ದಿದರು. ನಾನು ತಲೆ ತಗ್ಗಿಸಿ ಅದನ್ನೇ ನೋಡುತ್ತಿದ್ದೆ. ಹತ್ತೊಂಬತ್ತು ವರ್ಷ ಓಗೊಟ್ಟ ಹೆಸರು ಅದು, ನನ್ನನ್ನು ಒಂದು ಮಾತು ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಬಂದು ಆ ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡರು.

ತವರಿನ ಅಡ್ಡಹೆಸರು ‘ಅಂಗಡಿ’ಯೂ ಅಂದೇ ಹೋಯಿತು. ಅವ್ವ ಇರುವತನಕ ಗಂಗಿ ಎಂದು ಕೂಗುವ ಒಂದು ಬಾಯಿ ಇತ್ತು. ಅವಳು ತೀರಿಕೊಂಡ ಮೇಲೆ ಅದೂ ಇಲ್ಲ. ನಿನ್ನ ಅಪ್ಪ ತೀರಿಕೊಂಡ ವರ್ಷ ನಾನು ಕುಟುಂಬ ಪಿಂಚಣಿಗೆ ಕಾಗದ ಕೊಡಲು ಹೋದಾಗ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಂಗಸು ಬೇರೆ, ಪಡಿತರ ಚೀಟಿಯಲ್ಲಿರುವ ಹೆಂಗಸು ಬೇರೆ ಎಂದು ವಾಪಸು ಕಳಿಸಿದರು. ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ: ‘ಗಂಗವ್ವ ಅಂಗಡಿ ಮತ್ತು ಸುನಂದಾ ಮೆಣಸಿನಕಾಯಿ, ಈ ಎರಡೂ ಹೆಸರು ನನ್ನವೇ.’ ಮೂರು ಸಾಲು. ಆ ತುಣುಕನ್ನು ಕತ್ತರಿಸಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ.

ಈಗ ನಿನ್ನ ಅಜ್ಜಿಯ ಮಾತು ಹೇಳುತ್ತೇನೆ. ನೀನು ಆಗ ಆರನೇ ತರಗತಿಯಲ್ಲಿದ್ದೆ. ಅತ್ತೆಯ ಹೆಣ ಪಡಸಾಲೆಯಲ್ಲಿತ್ತು. ಮಧ್ಯಾಹ್ನದ ಬಸ್ಸಿಗೆ ಅವರ ತಮ್ಮ ಬಂದರು, ಎಂಬತ್ತು ದಾಟಿದ ಮುದುಕ. ಕಾಲ ಬಳಿ ಕುಸಿದು ಕೂತು, ‘ನೀಲಾ, ನೀಲಾ, ಏಳು’ ಎಂದು ಅಳತೊಡಗಿದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಮನೆಯಲ್ಲಿ ನೀಲಾ ಎಂಬುವರು ಯಾರೂ ಇರಲಿಲ್ಲ. ಸಂಜೆ ಅವರೇ ಹೇಳಿದರು: ಅಕ್ಕನ ಹುಟ್ಟುಹೆಸರು ನೀಲವ್ವ, ಗಂಗವ್ವ ಎಂದು ಇಟ್ಟದ್ದು ಮದುವೆಯಲ್ಲಿ. ಯಾವ ಹೆಸರಿಗೆ ಅಡ್ಡಬರಬಾರದೆಂದು ನನ್ನ ಹೆಸರನ್ನು ತೆಗೆದರೋ ಅದು ಅತ್ತೆಯದೇ ಆಗಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು ನಾವು, ಅವರ ಹುಟ್ಟುಹೆಸರು ನನಗೆ ಗೊತ್ತಿರಲಿಲ್ಲ. ಅದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದ್ದರಿಂದ ನಿನ್ನ ಮೊದಲ ಪ್ರಶ್ನೆಗೆ ಉತ್ತರ: ನಿನಗೆ ಮನಸ್ಸಿದ್ದರೆ ಬದಲಿಸು, ಕಚೇರಿಯಲ್ಲಿ ಯಾರೋ ಕೇಳಿದರೆಂದು ಬದಲಿಸಬೇಡ. ಮದುವೆಯಾದ ಹೆಣ್ಣು ಗಂಡನ ಹೆಸರು ಸೇರಿಸಲೇಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸುವ ಅಗತ್ಯವಿಲ್ಲ ಎಂದು 2017ರಲ್ಲಿ ಪ್ರಧಾನಿಯೇ ಹೇಳಿದ್ದರು. ಕೊಡಗಿನ ಗೌರಮ್ಮ ನಿನಗೆ ಗೊತ್ತಲ್ಲ, 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡವರು. ಅವರು ಕತೆಗಳನ್ನು ಪ್ರಕಟಿಸಿದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ಇಂದು ಓದುವವರು ಅವರನ್ನು ಗೌರಮ್ಮ ಎಂದೇ ಕರೆಯುತ್ತಾರೆ. ಎಷ್ಟೋ ಹೆಂಗಸರಿಗೆ ಹಾಗೆ ಹುಡುಕಿ ಕರೆಯುವವರು ಸಿಗುವುದಿಲ್ಲ.

ಅಳಿಯಂದಿರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಅವರ ಕಡೆಯ ಪದ್ಧತಿಯೇ ಬೇರೆ. ಹಳೆ ಮೈಸೂರಿನಲ್ಲಿ ಅಡ್ಡಹೆಸರು ಎಂಬುದು ಬಹಳ ಮನೆಗಳಲ್ಲಿ ಇಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ತನ್ನ ಹೆಸರು. ಕೆ.ವಿ. ಪುಟ್ಟಪ್ಪ ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ನನಗೆ ಆ ರೀತಿ ಇಷ್ಟ, ಅದರಲ್ಲಿ ಊರು ಉಳಿಯುತ್ತದೆ. ಆದರೆ ಪಾಸ್‌ಪೋರ್ಟಿನವರು ಇನಿಶಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ತಂದೆಯ ಹೆಸರೇ ಅಡ್ಡಹೆಸರಿನ ಜಾಗಕ್ಕೆ ಹೋಗಿ ಕೂರುತ್ತದೆ, ತಲೆಮಾರಿಗೊಂದು ಹೊಸ ಅಡ್ಡಹೆಸರು. ನಿಮ್ಮ ಮಗುವಿಗೆ ಏನು ಸೇರಿಸುತ್ತೀರಿ ಎಂಬುದನ್ನು ಇಬ್ಬರೂ ಕೂತು ಈಗಲೇ ಮಾತಾಡಿ. ‘ಮೆಣಸಿನಕಾಯಿ’ ಸೇರಿಸಿದರೂ ತಪ್ಪಿಲ್ಲ. ನಿನ್ನ ಮುತ್ತಜ್ಜ ಬ್ಯಾಡಗಿಯ ಸಂತೆಗೆ ಚೀಲ ಹೊತ್ತು ಗಳಿಸಿದ ಹೆಸರು ಅದು. ಕಾಲೇಜಿನಲ್ಲಿ ನಿನ್ನನ್ನು ಅಣಕಿಸಿದವರಿಗೆ ಆ ಘಾಟು ಗೊತ್ತಿರಲಿಲ್ಲ. ತಂದೆಯ ಕಡೆಯದೇ ಇರಬೇಕು ಎಂದು ಯಾರಾದರೂ ವಾದಿಸಿದರೆ, ತಂದೆ ತೀರಿಕೊಂಡು ತಾಯಿ ಮರುಮದುವೆಯಾದ ಪ್ರಕರಣವೊಂದರಲ್ಲಿ, ಸಹಜ ಪಾಲಕಳಾದ ತಾಯಿ ಮಗುವಿನ ಅಡ್ಡಹೆಸರನ್ನು ನಿರ್ಧರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿದ್ದನ್ನು ನೆನಪಿಸು.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರನ್ನು ಮಾತ್ರ ಆಮೇಲೆ ಸೇರಿಸಬಹುದು: 12 ತಿಂಗಳವರೆಗೆ ಶುಲ್ಕವಿಲ್ಲ, ಅದರ ನಂತರ ತಡ ಶುಲ್ಕ ಕೊಟ್ಟು 15 ವರ್ಷದವರೆಗೆ. ಹಾಗೆಂದು ಉದಾಸೀನ ಮಾಡಬೇಡ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ನೀನೇ ಕಣ್ಣಾರೆ ನೋಡು. ನನ್ನಂತೆ ನಮ್ಮ ಮೊಮ್ಮಗು ಎಂದೂ ಎರಡು ಮನುಷ್ಯರಾಗಬಾರದು.

ಇನ್ನು ಹೆಸರು. ಬೀಗತಿಯವರು ನಕ್ಷತ್ರದ ಅಕ್ಷರ ನೋಡಿಸುತ್ತಾರಂತೆ, ನೋಡಿಸಲಿ. ರೋಹಿಣಿ ಬಂದರೆ ಓ, ವ, ವಿ, ವು. ‘ವ’ದಲ್ಲಿ ಒಳ್ಳೆಯ ಹೆಸರುಗಳಿವೆ. ಆರ್ದ್ರಾ ಬಂದರೆ ‘ಙ’ ಎಂಬ ಅಕ್ಷರವೂ ಇದೆ, ಅದರಿಂದ ಹೆಸರು ಕಟ್ಟುವುದು ಯಾರಿಗೂ ಆಗದು. ಹಾಗಾದರೆ ಜಾತಕಕ್ಕೊಂದು, ಬಾಯಿಗೊಂದು ಇಡಿ. ನಮ್ಮ ಹಿರಿಯರು ಇಟ್ಟ ಹೆಸರುಗಳನ್ನು ಮೊದಲು ನಾನು ಒರಟು ಎಂದುಕೊಂಡಿದ್ದೆ. ತಿಪ್ಪಣ್ಣ, ಕಲ್ಲಪ್ಪ, ಅಡಿವೆಪ್ಪ. ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದ ಮನೆಯಲ್ಲಿ, ಈ ಒಂದಾದರೂ ಉಳಿಯಲಿ ಎಂದು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ ಎಂದು ಕರೆದ ತಾಯಿಯ ಪ್ರೀತಿ ದೊಡ್ಡದು. ಆದರೆ ಸಾಲಾಗಿ ಹೆಣ್ಣು ಹುಟ್ಟಿತೆಂದು ‘ಸಾಕವ್ವ’ ಎಂದು ಇಟ್ಟದ್ದನ್ನೂ ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಅದನ್ನು ಕ್ಷಮಿಸಲಾರೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಶಾ’, ಎಂದರೆ ಬೇಡವಾದವಳು, ಎಂಬ ಹೆಸರು ಹೊತ್ತಿದ್ದ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಹೊಸ ಹೆಸರು ಇಟ್ಟರು. ಅಂದು ಆ ಮಕ್ಕಳು ಶಾಲೆಗೆ ಮರಳಿ ಹಾಜರಿಗೆ ಹೇಗೆ ಓಗೊಟ್ಟಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಗಂಗವ್ವ ಇಡಬೇಡ ಮಗಳೇ. ನೀನು ಕೇಳಿದ್ದೇ ನನಗೆ ಸಾಕು. ಹಿರಿಯರ ಹೆಸರಿಟ್ಟ ಕೂಸನ್ನು ನಮ್ಮಲ್ಲಿ ಯಾರೂ ಆ ಹೆಸರಿನಿಂದ ಕೂಗುವುದಿಲ್ಲ. ಬೈದರೆ ಹಿರಿಯರನ್ನು ಬೈದಂತೆ ಎಂದು ಅಂಜಿ ಪುಟ್ಟಿ, ತಂಗಿ ಎನ್ನುತ್ತಾರೆ. ಹೆಸರು ಕಾಗದದಲ್ಲಿ ಮಲಗಿಬಿಡುತ್ತದೆ. ನಿನ್ನ ಮಗುವಿಗೆ ಬಾಗಿಲಲ್ಲಿ ನಿಂತು, ಬೀದಿಯ ಕೊನೆಗೆ ಕೇಳುವಂತೆ ಕೂಗಬಲ್ಲ ಹೆಸರು ಇಡು. ಸಂಜೆ ಆಟಕ್ಕೆ ಹೋದವಳನ್ನು ಕರೆದು ನೋಡು ಒಮ್ಮೆ, ಈಗಲೇ, ಮನೆಯಲ್ಲಿ ಯಾರೂ ಇಲ್ಲದಾಗ. ನಾಲಿಗೆಗೆ ಹಿತವಾದರೆ ಅದೇ. ‘ಳ’ ಬಂದರೆ ಹೊರಗಿನವರಿಗೆ ಕಷ್ಟ ಎಂದು ಹೆದರಬೇಡ, ಕಲಿಯುತ್ತಾರೆ.

ತೊಟ್ಟಿಲಿನ ದಿನ ಅಳಿಯಂದಿರ ತಂಗಿಗೆ ಮೊದಲೇ ಹೇಳಿಡು. ಸೋದರತ್ತೆ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವಾಗ ನಮ್ಮ ಕಡೆಯ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ, ಅವರಲ್ಲಿ ಆ ರೂಢಿ ಇದೆಯೋ ಇಲ್ಲವೋ. ತೊಟ್ಟಿಲಿನ ಕೆಳಗೆ ಹಾಯಿಸಲು ಗುಂಡಪ್ಪ ಬೇಕಲ್ಲ, ಒರಳಿನ ಗುಂಡುಕಲ್ಲನ್ನು ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ನಿನ್ನನ್ನು ತೊಟ್ಟಿಲಿಗೆ ಹಾಕಿದಾಗಲೂ ಅದೇ ಕಲ್ಲು, ಅತ್ತೆಯೇ ಕೈದಾಟಿಸಿದ್ದರು. ಗುರುವಾರ ಡಾಕ್ಟರ ಬಳಿ ಹೋಗಿ ಬಂದ ಮೇಲೆ ಫೋನ್ ಮಾಡು.

ನಿನ್ನ ಅವ್ವ,
ಗಂಗವ್ವ