ಅಜ್ಜಿ ಹೆಸರು ಹೇಳಲಿ, ನೀವು ಬರೆದುಕೊಳ್ಳಿ

ರೋಚೆಸ್ಟರ್, ನ್ಯೂಯಾರ್ಕ್ ರಾಜ್ಯ
ಫೆಬ್ರವರಿ

ತೀರ್ಥರೂಪ ಅಪ್ಪನಿಗೆ, ಮಾತೃಶ್ರೀ ಅಮ್ಮನಿಗೆ ಮತ್ತು ಅಜ್ಜಿಗೆ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಹಿಮ ಇನ್ನೂ ಬೀಳುತ್ತಲೇ ಇದೆ. ಒಂಟಾರಿಯೊ ಸರೋವರದ ಕಡೆಯಿಂದ ಗಾಳಿ ಬೀಸಿದ ದಿನವಂತೂ ಬಾಗಿಲು ತೆಗೆಯುವುದೇ ಬೇಡ ಅನ್ನಿಸುತ್ತದೆ. ವಾಟ್ಸಾಪ್‌ನಲ್ಲಿ ದಿನಾ ಮಾತಾಡುವವಳು ಇದೇನು ಕಾಗದ ಬರೆದಿದ್ದಾಳೆ ಅಂತ ಅಪ್ಪ ಕೇಳಬಹುದು. ಇದು ಟಿವಿ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದ ಕಾಗದ. ಫೋನಿನಲ್ಲಿ ಹೇಳಿದರೆ ಮರೆತುಹೋಗುತ್ತದೆ, ಮೆಸೇಜು ಹಾಕಿದರೆ ಗುಡ್ ಮಾರ್ನಿಂಗ್ ಹೂಗಳ ಕೆಳಗೆ ಹೂತುಹೋಗುತ್ತದೆ.

ಈ ಕಾಗದದ ಜೊತೆ ಎಲೆ-ಅಡಿಕೆ ಡಬ್ಬಿಯಷ್ಟು ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಬರುತ್ತದೆ. ಜೊತೆಗೆ ಒಂದು ಕೇಬಲ್ಲು, ಒಂದು ರಿಮೋಟು, ಒಂದು ಪೆನ್ ಡ್ರೈವ್. ಹೋದ ಸಲ ಊರಿಗೆ ಬಂದಾಗ ಟ್ರಂಕಿನಲ್ಲಿದ್ದ ಆಲ್ಬಂಗಳನ್ನೆಲ್ಲ ಅಟ್ಟದಿಂದ ಇಳಿಸಿ ಸ್ಕ್ಯಾನ್ ಮಾಡಿಕೊಂಡು ಬಂದಿದ್ದೆನಲ್ಲ, ಆ ಫೋಟೊಗಳು ಈಗ ನಿಮ್ಮ ಟಿವಿಯಲ್ಲಿ ಕಾಣುತ್ತವೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಅಜ್ಜಿಗೆ ಫೋನಿನಲ್ಲಿ ಮುಖಗಳು ಗೊತ್ತಾಗುವುದಿಲ್ಲ. ನೀವು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದರೆ ಅವರು ಇನ್ನೊಂದು ಬೆರಳು ತಾಗಿಸಿ ಚಿತ್ರವನ್ನೇ ಹಾರಿಸಿಬಿಡುತ್ತಾರೆ. ಹಜಾರದ ಟಿವಿ ಎದುರು ಕುರ್ಚಿ ಹಾಕಿ ಕೂರಿಸಿದರೆ ಈ ಗೋಳಿಲ್ಲ.

ಮೊದಲು ಜೋಡಿಸುವ ವಿಷಯ. ಟಿವಿಯ ಹಿಂದೆ ಕೇಬಲ್ ಡಬ್ಬಿಯ ವೈರು ಸಿಕ್ಕಿಸಿರುವ ಚಪ್ಪಟೆ ತೂತಿನ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಇದೆ. ಅದರ ಮೇಲೆ ಎಚ್‌ಡಿಎಂಐ 2 ಅಂತ ಬರೆದಿದೆ. ಈ ಕೇಬಲ್ಲು ಅದಕ್ಕೆ. ಟಿವಿ ರಿಮೋಟಿನಲ್ಲಿ ‘ಸೋರ್ಸ್’ ಒತ್ತಿ ಎಚ್‌ಡಿಎಂಐ 2 ಆರಿಸಿದರೆ ಪೆಟ್ಟಿಗೆಯ ಪರದೆ ಬರುತ್ತದೆ. ಮತ್ತೆ ಸೀರಿಯಲ್ ನೋಡಬೇಕಾದರೆ ಅದೇ ಗುಂಡಿ ಒತ್ತಿ 1ಕ್ಕೆ ಬನ್ನಿ. ಅಮ್ಮ, ನಿನ್ನ ಸೀರಿಯಲ್ಲು ಎಲ್ಲಿಗೂ ಹೋಗುವುದಿಲ್ಲ.

ಕರೆಂಟಿನ ಬಗ್ಗೆ ಅಪ್ಪನಿಗೆ ಅನುಮಾನ ಬರುತ್ತದೆ ಅಂತ ಗೊತ್ತು. ಇಲ್ಲಿಯದು 120 ವೋಲ್ಟು, ನಮ್ಮದು 230. ಅಡಾಪ್ಟರಿನ ಮೇಲೆ ಸಣ್ಣ ಅಕ್ಷರದಲ್ಲಿ 100–240 ಅಂತ ಬರೆದಿದೆ, ನೋಡಿಯೇ ಕಳಿಸಿದ್ದೇನೆ, ಸುಡುವುದಿಲ್ಲ. ಪಿನ್ನು ಮಾತ್ರ ಚಪ್ಪಟೆ. ಅದಕ್ಕೆ ಬೇಕಾದ ಗುಂಡು ಪಿನ್ನಿನ ಪ್ಲಗ್ಗನ್ನೂ ಅದೇ ಕವರಿನಲ್ಲಿ ಹಾಕಿದ್ದೇನೆ. ಹಿಂದೆ ಅಮೆರಿಕದಲ್ಲಿದ್ದವರು ಕಳಿಸಿದ ವೀಡಿಯೊ ಕ್ಯಾಸೆಟ್ಟು ನಮ್ಮೂರಿನ ವಿಸಿಪಿಯಲ್ಲಿ ಬರೀ ಗೆರೆ ತೋರಿಸುತ್ತಿದ್ದದ್ದು ನೆನಪಿದೆಯಾ? ಆಗ ಇಲ್ಲಿಯ ಟಿವಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಒಂದರದ್ದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಈ ಕೇಬಲ್ಲಿನಲ್ಲಿ ಆ ತಕರಾರಿಲ್ಲ. ಆದರೆ ಗುಡುಗು-ಮಿಂಚು ಶುರುವಾದರೆ ಟಿವಿಯದ್ದು ಕೀಳುವಾಗ ಇದರದ್ದನ್ನೂ ಕಿತ್ತಿಡಿ. ಮಳೆಗಾಲ ಪೂರ್ತಿ ಬಳಸದೇ ಇಟ್ಟರೆ ಶೀತಕ್ಕೆ ಕೆಡುತ್ತದೆ, ವಾರಕ್ಕೊಮ್ಮೆಯಾದರೂ ಹಾಕಿ.

ಪೆನ್ ಡ್ರೈವನ್ನು ಪೆಟ್ಟಿಗೆಯ ಪಕ್ಕದ ತೂತಿಗೆ ಹಾಕಿದ ಮೇಲೆ ‘ಫೋಟೊಸ್’ ಅಂತ ಬರುತ್ತದೆ. ಒಳಗೆ ಫೋಲ್ಡರುಗಳಿವೆ: ಅಜ್ಜನ ಕಾಲದ್ದು, ನಿಮ್ಮ ಮದುವೆಯದ್ದು, ನಾವು ಮಕ್ಕಳಾಗಿದ್ದಾಗಿನದ್ದು, ತೋಟದ್ದು, ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಯದ್ದು. ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ ಅಂತ ಬೈಯಬೇಡಿ. ಕನ್ನಡದಲ್ಲಿ ಕೊಟ್ಟರೆ ಈ ಪೆಟ್ಟಿಗೆ ಸಾಲಾಗಿ ಖಾಲಿ ಚೌಕ ತೋರಿಸುತ್ತದೆ, ಅದರೊಳಗೆ ಕನ್ನಡ ಫಾಂಟೇ ಇಲ್ಲ. ಅದಕ್ಕೇ ಕನ್ನಡವನ್ನು ಚಿತ್ರದ ಒಳಗೇ ಹಾಕಿದ್ದೇನೆ. ಪ್ರತಿ ಫೋಟೊದ ಕೆಳಗೆ ಕಪ್ಪು ಪಟ್ಟಿ, ಅದರಲ್ಲಿ ಬಿಳಿ ಅಕ್ಷರ. ಅದು ಚಿತ್ರದ್ದೇ ಭಾಗವಾದ್ದರಿಂದ ಯಾವ ಟಿವಿಗೆ ಹಾಕಿದರೂ ಹಾಗೇ ಬರುತ್ತದೆ. ಫೈಲುಗಳಿಗೆ 001, 002 ಅಂತ ಸೊನ್ನೆ ಸೇರಿಸಿ ನಂಬರು ಕೊಟ್ಟಿದ್ದೇನೆ. ಸೊನ್ನೆ ಇಲ್ಲದಿದ್ದರೆ 1 ಆದ ಮೇಲೆ 10, ಆಮೇಲೆ 11, ಎಷ್ಟೋ ಹೊತ್ತಿಗೆ 2 ಬರುತ್ತದೆ. ಮದುವೆ ಫೋಲ್ಡರಿನಲ್ಲಿ ಧಾರೆಗಿಂತ ಮೊದಲೇ ಊಟವಾಗಿಬಿಡುತ್ತದೆ!

ಒಂದೊಂದು ಚಿತ್ರ ಇಪ್ಪತ್ತು ಸೆಕೆಂಡು ನಿಲ್ಲುವ ಹಾಗೆ ಇಟ್ಟಿದ್ದೇನೆ. ಅಂಗಡಿಯಿಂದ ಬಂದಾಗ ಐದು ಸೆಕೆಂಡಿತ್ತು, ಅಷ್ಟರಲ್ಲಿ ಅಜ್ಜಿ ಕನ್ನಡಕ ಒರೆಸಿಕೊಳ್ಳುವುದೂ ಆಗುವುದಿಲ್ಲ. ಇಪ್ಪತ್ತೂ ಸಾಲದಿದ್ದರೆ ರಿಮೋಟಿನ ನಡುವಿನ ಗುಂಡಿ ಒತ್ತಿ, ನಿಂತುಬಿಡುತ್ತದೆ. ಚಿತ್ರ ತಿರುಗುತ್ತಾ ಮಡಚುತ್ತಾ ಬರುವ ಆಟವನ್ನೆಲ್ಲ ತೆಗೆದುಹಾಕಿದ್ದೇನೆ. ಹಿನ್ನೆಲೆ ಸಂಗೀತವನ್ನೂ. ಸಂಗೀತ ಇದ್ದರೆ ಅಜ್ಜಿಯ ಮಾತು ಕೇಳುವುದಿಲ್ಲ, ಇಷ್ಟೆಲ್ಲ ಮಾಡಿದ್ದೇ ಆ ಮಾತಿಗೋಸ್ಕರ. ಇನ್ನು ಟಿವಿಯ ಬಣ್ಣ ‘ವಿವಿಡ್’ನಲ್ಲಿದ್ದರೆ ‘ಸ್ಟಾಂಡರ್ಡ್’ ಮಾಡಿ, ಇಲ್ಲದಿದ್ದರೆ ಎಲ್ಲರ ಮುಖಕ್ಕೂ ಅರಿಸಿನ ಹಚ್ಚಿದಂತೆ ಕಾಣುತ್ತದೆ. ಹಳೆಯ ಫೋಟೊಗಳ ಎರಡು ಪಕ್ಕ ಕಪ್ಪು ಖಾಲಿ ಬಿಟ್ಟಿರುವುದು ಬೇಕೆಂದೇ. ಪರದೆ ತುಂಬಲಿ ಅಂತ ಎಳೆದರೆ ಬಡಕಲಾಗಿದ್ದ ಅಜ್ಜ ಪೈಲ್ವಾನರಾಗುತ್ತಾರೆ.

ನಾನಿರುವ ಊರಿಗೂ ಈ ಪೆಟ್ಟಿಗೆಗೂ ಒಂದು ನಂಟಿದೆ, ಅಪ್ಪನಿಗೆ ಇಷ್ಟವಾಗುತ್ತದೆ ಅಂತ ಬರೆಯುತ್ತಿದ್ದೇನೆ. ನಿಮ್ಮ ಹಳೇ ಕ್ಯಾಮೆರಾಕ್ಕೆ ಹಾಕುತ್ತಿದ್ದ ಹಳದಿ ಡಬ್ಬಿಯ ರೀಲು ಇದೇ ಊರಿನ ಕಂಪನಿಯದು. ರೋಚೆಸ್ಟರ್ ಅಂದರೆ ಕೊಡಕ್, ಕೊಡಕ್ ಅಂದರೆ ರೋಚೆಸ್ಟರ್. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮೊದಲ ಕೊಡಕ್ ಕ್ಯಾಮೆರಾ ಮಾರಿದಾಗ ಅದರೊಳಗೆ ನೂರು ಫೋಟೊಗಳಿಗಾಗುವಷ್ಟು ರೀಲನ್ನು ತುಂಬಿಯೇ ಕೊಡುತ್ತಿದ್ದರಂತೆ. ರೀಲು ಮುಗಿದ ಮೇಲೆ ಕ್ಯಾಮೆರಾವನ್ನೇ ಇಲ್ಲಿಗೆ ಕಳಿಸಬೇಕು. ಇವರು ತೊಳೆದು, ಪ್ರಿಂಟು ಹಾಕಿ, ಹೊಸ ರೀಲು ತುಂಬಿ ವಾಪಸು ಕಳಿಸುತ್ತಿದ್ದರು. ಈಸ್ಟ್‌ಮನ್ ಇದ್ದ ಬಂಗಲೆ ಈಗ ಮ್ಯೂಸಿಯಂ ಆಗಿದೆ. ನೀವಿಬ್ಬರೂ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮೇ ತಿಂಗಳಲ್ಲಿ ಬನ್ನಿ, ಆಗ ಇಲ್ಲಿ ಲೈಲಾಕ್ ಹೂವಿನ ಹಬ್ಬ ನಡೆಯುತ್ತದೆ, ಚಳಿಯೂ ಇರುವುದಿಲ್ಲ.

ಕೈಯಲ್ಲಿ ಹಿಡಿದು ಬಳಸುವಂಥ ಜಗತ್ತಿನ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದವರೂ ಇಲ್ಲಿಯವರೇ. ಸ್ಟೀವನ್ ಸ್ಯಾಸನ್ ಅಂತ, ಕೊಡಕ್‌ನಲ್ಲಿ ಎಂಜಿನಿಯರು. 1975ರಲ್ಲಿ ಮಾಡಿದ್ದು. ಮೂರೂವರೆ ಕಿಲೋಗಿಂತ ಜಾಸ್ತಿ ತೂಕ. ಚಿತ್ರದಲ್ಲಿ ಬರೀ ಹತ್ತು ಸಾವಿರ ಚುಕ್ಕಿ, ಅದೂ ಕಪ್ಪು-ಬಿಳುಪು. ನಿಮ್ಮ ಟಿವಿಯಲ್ಲಿರುವುದು ಇಪ್ಪತ್ತು ಲಕ್ಷ ಚುಕ್ಕಿ. ಒಂದು ಫೋಟೊವನ್ನು ಕ್ಯಾಸೆಟ್ಟಿಗೆ ಬರೆಯಲು ಇಪ್ಪತ್ತಮೂರು ಸೆಕೆಂಡು ಬೇಕಾಗುತ್ತಿತ್ತು, ನಾವು ಹಾಡು ಕೇಳುತ್ತಿದ್ದೆವಲ್ಲ, ಅಂಥದ್ದೇ ಕ್ಯಾಸೆಟ್ಟು. ಆಮೇಲೆ ಆ ಕ್ಯಾಸೆಟ್ಟನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಟಿವಿಯಲ್ಲಿ ನೋಡಬೇಕು. ಅಂದರೆ ಡಿಜಿಟಲ್ ಫೋಟೊ ಹುಟ್ಟಿದ ದಿನವೇ ಟಿವಿಯಲ್ಲಿ ಕಂಡಿತ್ತು. ಅವರು ಹೇಳಿಕೊಂಡಿರುವ ಪ್ರಕಾರ, ಕಂಪನಿಯ ದೊಡ್ಡವರಿಗೆ ಮಾತ್ರ ತಮ್ಮ ಫೋಟೊವನ್ನು ಟಿವಿಯಲ್ಲಿ ನೋಡುವವರು ಯಾರಾದರೂ ಇರುತ್ತಾರೆ ಅಂತ ಅನ್ನಿಸಲೇ ಇಲ್ಲವಂತೆ. ರೀಲು ಮಾರಿ ಬದುಕುವವರಿಗೆ ರೀಲಿಲ್ಲದ ಕ್ಯಾಮೆರಾ ಹೇಗೆ ರುಚಿಸೀತು? 1992ರ ಹೊತ್ತಿಗೆ ಇವರೇ ಫೋಟೊಗಳನ್ನು ಸಿಡಿಗೆ ಹಾಕಿ ಟಿವಿಯಲ್ಲಿ ತೋರಿಸುವ ಸಲಕರಣೆ ಮಾರಿದರು, ಮನೆಗಳಲ್ಲಿ ಅದು ಅಷ್ಟಾಗಿ ನಡೆಯಲಿಲ್ಲ. 2012ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಈಗಲೂ ಇದೆ, ಮೊದಲಿನ ನೆರಳಿನಂತೆ. ಇಲ್ಲಿ ವಯಸ್ಸಾದವರ ಹತ್ತಿರ ಮಾತಿಗೆ ಕೂತರೆ ಮೂವರಲ್ಲಿ ಒಬ್ಬರಾದರೂ ತಾವೋ ತಮ್ಮ ಅಪ್ಪನೋ ಕೊಡಕ್‌ನಲ್ಲಿದ್ದೆವು ಅನ್ನುತ್ತಾರೆ. ನಮ್ಮ ಭದ್ರಾವತಿಯಲ್ಲಿ ಕಾರ್ಖಾನೆಯ ಮಾತು ಬರುತ್ತದಲ್ಲ, ಹಾಗೇ.

ಇರಲಿ, ಕೆಲಸದ ಮಾತಿಗೆ ಬರುತ್ತೇನೆ. ಎರಡು ಸಂಗತಿ ನೆನಪಿಡಿ. ಪೆನ್ ಡ್ರೈವಿನಲ್ಲಿರುವುದು ಟಿವಿಗೆಂದು ಚಿಕ್ಕದು ಮಾಡಿದ ಪ್ರತಿ ಮಾತ್ರ, ಹಾಳಾದರೂ ಕಳೆದರೂ ಚಿಂತೆಯಿಲ್ಲ. ದೊಡ್ಡ ಪ್ರತಿ ನನ್ನ ಹತ್ತಿರ ಎರಡು ಬೇರೆಬೇರೆ ಡಿಸ್ಕಿನಲ್ಲಿದೆ. ಎರಡನೆಯದು, ಇನ್ನು ಎಲ್ಲ ಕಂಪ್ಯೂಟರಿನಲ್ಲಿದೆ ಅಂತ ಆಲ್ಬಂಗಳನ್ನು ಒಲೆಗೆ ಹಾಕಿಬಿಡಬೇಡಿ. ಆಗಲೇ ಅರ್ಧದಷ್ಟಕ್ಕೆ ಬೂಷ್ಟು ಹಿಡಿದಿದೆ, ಗಾಜಿನ ಚೌಕಟ್ಟಿನಲ್ಲಿದ್ದವು ಗಾಜಿಗೇ ಅಂಟಿಕೊಂಡಿವೆ. ಅವನ್ನು ಕೀಳಲು ಹೋಗಬೇಡಿ, ಹಾಗೇ ಇರಲಿ. ಟ್ರಂಕನ್ನು ಮಳೆ ಬಡಿಯುವ ಗೋಡೆಯಿಂದ ದೂರ, ನೆಲದಿಂದ ಮೇಲೆ ಇಡಿ.

ಚಿಕ್ಕಪ್ಪನ ಮಗನಿಗೂ ಒಂದು ಮಾತು ಹೇಳಿ. ಅವನು ಗೃಹಪ್ರವೇಶದ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾನೆ. ಹಾಗೆ ಬರುವಾಗ ಅವು ಕುಗ್ಗಿಹೋಗುತ್ತವೆ, ತೆಗೆದ ದಿನಾಂಕವೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ. ಅವನದು ಐಫೋನು, ಅದರ ಚಿತ್ರಗಳನ್ನು ನೇರ ಪೆನ್ ಡ್ರೈವಿಗೆ ಹಾಕಿದರೆ ಈ ಪೆಟ್ಟಿಗೆ ಓದುವುದಿಲ್ಲ. 2017ರಿಂದ ಆ ಫೋನುಗಳು ಎಚ್‌ಇಐಸಿ ಅನ್ನುವ ಬೇರೆ ರೂಪದಲ್ಲಿ ಫೋಟೊ ಇಡುತ್ತವೆ, ಜೆಪೆಗ್ ಮಾಡಿಕೊಟ್ಟರೆ ಸರಿಯಾಗುತ್ತದೆ. ಅವನಿಗೆ ಗೊತ್ತಾಗುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು: ಅವನು ಗೃಹಪ್ರವೇಶದ್ದೇ ನಾನೂರು ಫೋಟೊ ಹಾಕುತ್ತೇನೆ ಅಂದರೆ ಬೇಡ ಅನ್ನಿ. ನಲವತ್ತು ಸಾಕು. ಹೋಮದ ಹೊಗೆಯಲ್ಲಿ ಭಟ್ಟರ ಬೆನ್ನು ಮಾತ್ರ ಕಾಣುವ ಫೋಟೊವನ್ನು ಯಾರು ನೋಡುತ್ತಾರೆ? ನೋಡಲು ಕೂತವರು ಬೇಸತ್ತು ಎದ್ದುಹೋದರೆ ಒಳ್ಳೆಯ ಚಿತ್ರವೂ ಹಾಳು.

ಈಗ ನಿಜವಾದ ಕೋರಿಕೆ. ಮೊದಲ ಫೋಲ್ಡರಿನಲ್ಲಿ ಎಷ್ಟೋ ಚಿತ್ರಗಳ ಕೆಳಗಿನ ಪಟ್ಟಿ ಖಾಲಿ ಇದೆ. ಅಜ್ಜ ಯಾರೆಂದು ಗೊತ್ತು, ದೊಡ್ಡಜ್ಜ ಗೊತ್ತು, ಉಳಿದವರು ನನಗೆ ಗೊತ್ತಿಲ್ಲ. ಅಪ್ಪ, ನಿಮಗೂ ಅರ್ಧದಷ್ಟು ಗೊತ್ತಿರಲಿಕ್ಕಿಲ್ಲ. ಗೊತ್ತಿರುವುದು ಅಜ್ಜಿಗೆ ಒಬ್ಬರಿಗೇ. ಯಾರ ಮಗಳು ಯಾವ ಮನೆಗೆ ಹೋದಳು, ಯಾವ ತೋಟ ಯಾರಿಗೆ ಬಂತು ಅಂತ ಅವರು ಹೇಳುತ್ತಾ ಹೋಗುತ್ತಾರೆ. ಹಾಗೆ ಹೇಳುವಾಗ ನಡುವೆ ಬಾಯಿ ಹಾಕಿ ತಿದ್ದಬೇಡಿ, ನಿಮಗೆ ಆ ಅಭ್ಯಾಸವಿದೆ ಅಂತ ಹೇಳುತ್ತಿದ್ದೇನೆ. ಇಸವಿ ತಪ್ಪಿದರೆ ತಪ್ಪಲಿ, ಹೆಸರು ಬರಲಿ. ಅಡಿಕೆ ಲೆಕ್ಕ ಬರೆಯುವಂಥ ಒಂದು ಉದ್ದ ಪುಸ್ತಕ ತೆಗೆದುಕೊಂಡು ಎಡಗಡೆ ಫೋಟೊದ ನಂಬರು, ಬಲಗಡೆ ಎಡದಿಂದ ಬಲಕ್ಕೆ ನಿಂತವರ ಹೆಸರು ಬರೆಯಿರಿ. ಅಮ್ಮ, ಅಪ್ಪ ಬರೆಯುವಾಗ ನೀನು ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲೆ ಇಟ್ಟುಬಿಡು. ಒಂದೇ ದಿನ ಎಲ್ಲ ಮುಗಿಸುವುದು ಬೇಡ, ಅಜ್ಜಿಗೆ ಸುಸ್ತಾಗುತ್ತದೆ. ಮಧ್ಯಾಹ್ನದ ಕಾಫಿ ಆದ ಮೇಲೆ ಹತ್ತು ಹದಿನೈದು ಚಿತ್ರ, ಅಷ್ಟೇ. ಸಂಜೆ ಕರೆಂಟು ನಂಬುವ ಹಾಗಿಲ್ಲ.

014ನೇ ಚಿತ್ರದಿಂದ ಶುರು ಮಾಡಿದರೆ ಒಳ್ಳೆಯದು. ಅಂಗಳದಲ್ಲಿ ಚಪ್ಪರ, ಅಜ್ಜ ಕುರ್ಚಿಯಲ್ಲಿ ಕೂತಿದ್ದಾರೆ, ಹಿಂದೆ ಕೊಡೆ ಹಿಡಿದು ಒಬ್ಬರು ನಿಂತಿದ್ದಾರೆ. ಅತ್ತೆ ಅದು ಅಜ್ಜನ ಸೋದರಮಾವ ಅನ್ನುತ್ತಾರೆ, ಚಿಕ್ಕಪ್ಪ ಶಾನುಭೋಗರು ಅನ್ನುತ್ತಾರೆ. ಅಜ್ಜಿಯನ್ನು ಕೇಳಿ, ಆದರೆ ಇವರಿಬ್ಬರು ಹೇಳಿದ್ದನ್ನು ಮೊದಲೇ ಅವರ ಕಿವಿಗೆ ಹಾಕಬೇಡಿ.

ಬರೆದ ಹಾಳೆಗಳ ಫೋಟೊ ತೆಗೆದು ನನಗೆ ಕಳಿಸಿ. ನಾನು ಇಲ್ಲಿ ಹೆಸರುಗಳನ್ನು ಪಟ್ಟಿಯಲ್ಲಿ ಸೇರಿಸಿ ಇಂಟರ್‌ನೆಟ್ಟಿನಲ್ಲಿ ಹಾಕುತ್ತೇನೆ, ಚಿಕ್ಕಪ್ಪನ ಮಗ ಶಿವಮೊಗ್ಗದಲ್ಲಿ ಇಳಿಸಿಕೊಂಡು ಇನ್ನೊಂದು ಪೆನ್ ಡ್ರೈವಿಗೆ ತುಂಬಿ ತಂದುಕೊಡುತ್ತಾನೆ. ಅಜ್ಜಿಯ ತವರಿನ ಫೋಟೊಗಳನ್ನೂ ಆ ಕಂತಿನಲ್ಲೇ ಸೇರಿಸುತ್ತೇನೆ.

ಅಪ್ಪ, ಬಿಪಿ ಮಾತ್ರೆ ತಪ್ಪಿಸಬೇಡಿ. ಅಮ್ಮ, ಮಿಡಿ ಉಪ್ಪಿನಕಾಯಿ ಮುಗಿದಿದೆ, ಈ ವರ್ಷ ಹಾಕಿದಾಗ ನನ್ನ ಪಾಲು ಎತ್ತಿಡು.

ಇಂತಿ ನಿಮ್ಮ ಪ್ರೀತಿಯ
ಮಗಳು

ಮರೆತಿದ್ದೆ: ಪೆಟ್ಟಿಗೆಯ ರಿಮೋಟಿಗೆ ಎರಡು ಸಣ್ಣ ಸೆಲ್ಲು ಬೇಕು. ಗೋಡೆ ಗಡಿಯಾರಕ್ಕೆ ಹಾಕುವುದಲ್ಲ, ಅದಕ್ಕಿಂತ ತೆಳ್ಳಗಿನದು, ಟಿವಿ ರಿಮೋಟಿನಲ್ಲಿರುವಂಥದ್ದು. ವಿಮಾನದಲ್ಲಿ ತಕರಾರು ಬೇಡ ಅಂತ ಇಲ್ಲಿಂದ ಕಳಿಸಿಲ್ಲ, ಪೇಟೆಗೆ ಹೋದಾಗ ತನ್ನಿ.