ಕೂಸು ನೋಡಿಕೊಳ್ಳುವವರ ಪಗಾರ: ಬೇಸಿಗೆಗೆ ಮುಂಚೆ ಮಾತಾಡೋಣ

ಎಲ್ಲರಿಗೂ ಶರಣು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳ ವೇಳೆ ಬದಲಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಆಗುತ್ತದೆ. ಆಗ ಕೂಸು ನೋಡಿಕೊಳ್ಳುವ ಅಕ್ಕಂದಿರು 7.30ಕ್ಕೇ ನಮ್ಮ ಮನೆಗೆ ಬರಬೇಕು. ತಿರುಗಿ ಹೋಗುವುದು ಸುಡು ಬಿಸಿಲಲ್ಲಿ. ತಾಸು ಕಡಿಮೆಯಾಯಿತು ಅಂತ ಪಗಾರ ಕಡಿಯಬೇಡಿ. ಆಗುವುದಾದರೆ ಆಟೋ ರೊಕ್ಕವನ್ನೂ ಕೊಡಿ.

ಎಲ್ಲರಿಗೂ ಒಂದೇ ದರ ಇಡಲು ಆಗುವುದಿಲ್ಲ. ಹಾಲು ಕುಡಿಯುವ ಕೂಸಿದ್ದರೆ, ಇಬ್ಬರು ಮಕ್ಕಳಿದ್ದರೆ ಜಾಸ್ತಿ ಕೊಡಬೇಕು. ಬಟ್ಟೆ, ಪಾತ್ರೆ ಸೇರಿಸಿದರೆ ಅದಕ್ಕೆ ಬೇರೆ. ಮನೆಗೆಲಸಕ್ಕೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತು ಮಾಡಿದೆ. ಕಾರ್ಮಿಕ ಇಲಾಖೆಯ ಈಗಿನ ದರ ನೋಡಿಕೊಳ್ಳಿ, ಅದಕ್ಕಿಂತ ಕೆಳಗೆ ಮಾತೇ ಬೇಡ. ‘ಮನೆ ಮಗಳಿದ್ದ ಹಾಗೆ’ ಅಂತ ಹೇಳಿ ಕಡಿಮೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮಗಳಾದರೆ ಇನ್ನೂ ಜಾಸ್ತಿ ಕೊಡಬೇಕು, ಅಲ್ವಾ?

14 ವರ್ಷ ತುಂಬದ ಹುಡುಗಿಯರನ್ನು ಕೂಸು ಆಡಿಸಲು ಇಟ್ಟುಕೊಳ್ಳಲೇಬೇಡಿ. ಅದು ಕಾನೂನಿಗೆ ವಿರುದ್ಧ.

ನೀವು ಕೊಡುವ ಪಗಾರ, ತಾಸು, ಮಕ್ಕಳ ವಯಸ್ಸು ಭಾನುವಾರದೊಳಗೆ ಇಲ್ಲಿ ಬರೆಯಿರಿ. ಅಕ್ಕಂದಿರ ಹೆಸರು ಹಾಕಬೇಡಿ. ಅವರನ್ನೂ ಕೂರಿಸಿಕೊಂಡು ಕೇಳಿ, ಆಮೇಲೆ ದರ ಗೊತ್ತು ಮಾಡೋಣ.