ಕಾಗದ ಹೊರದ ಚೀಟಿಗಳು

ಪ್ರೀತಿಯ ಗೆಳೆಯಾ,

ಬರೀ ಪ್ರಯೋಗಕ್ಕೆಂದು ಒತ್ತಿದ, ಒಂದು ಕಾಗದವನ್ನೂ ಊರು ತಲುಪಿಸದ ಅಂಚೆಚೀಟಿಗೆ ಅಷ್ಟೊಂದು ದುಡ್ಡು ಯಾಕೆ ಸುರಿಯುತ್ತಾರೆ ಅಂತ ಕೇಳಿದ್ದೆಯಲ್ಲ. ಬರೆದೇ ಹೇಳುತ್ತೇನೆ.

1840ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಪೆನಿ ಬ್ಲ್ಯಾಕ್ ಬಂತು. ಕಪ್ಪು ಚೀಟಿ, ಮೇಲೆ ಕೆಂಪು ಮಸಿಯ ಠಸ್ಸೆ. ಆ ಕೆಂಪನ್ನು ತಿಕ್ಕಿ ತೆಗೆದು ಅದೇ ಚೀಟಿಯನ್ನು ಮತ್ತೆ ಅಂಟಿಸುವುದು ಕಷ್ಟವೇನಿರಲಿಲ್ಲ. ಅಲ್ಲಿನ ಅಂಚೆ ಸುಧಾರಕ ರೋಲಂಡ್ ಹಿಲ್‌ಗೆ ಇದೇ ಚಿಂತೆ. ಅದಕ್ಕೇ ಹನ್ನೆರಡೇ ಚೀಟಿಗಳ ಒಂದು ಪುಟ್ಟ ಅಚ್ಚು ಮಾಡಿಸಿ, ಬೇರೆ ಬೇರೆ ಮಸಿಯಲ್ಲಿ, ಬೇರೆ ಬೇರೆ ಕಾಗದದ ಮೇಲೆ ಒತ್ತಿಸಿ ನೋಡಿದರು. ಠಸ್ಸೆ ಅಳಿಸಲು ಹೋದರೆ ಚೀಟಿಯ ಬಣ್ಣವೂ ಕೆಡಬೇಕು, ಅದು ಅವರ ಲೆಕ್ಕ. ಇವೇ ರೈನ್‌ಬೋ ಟ್ರಯಲ್ಸ್. ಭೂತಗನ್ನಡಿ ಹಿಡಿದು ನೋಡಿದರೆ ವಿಕ್ಟೋರಿಯಾ ರಾಣಿಯ ಮುಖ ಅದೇ, ಆದರೆ ಮೇಲಿನ ಬಲಮೂಲೆ ಖಾಲಿ. ಪೆನಿ ಬ್ಲ್ಯಾಕ್‌ನಲ್ಲಿ ಅಲ್ಲೊಂದು ನಕ್ಷತ್ರದಂಥ ಚಿತ್ತಾರ ಇರುತ್ತದೆ. ಆ ಖಾಲಿ ಮೂಲೆ ನೋಡಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇನ್ನೂ ಏನೂ ತೀರ್ಮಾನವಾಗದ ಹೊತ್ತು ಅದು, ಅಲ್ವಾ? 1841ರ ಫೆಬ್ರವರಿಯಲ್ಲಿ ತೀರ್ಮಾನ ಹೊರಬಿತ್ತು: ಕೆಂಪು ಚೀಟಿ, ಅಂದರೆ ಪೆನಿ ರೆಡ್, ಮೇಲೆ ಕಪ್ಪು ಠಸ್ಸೆ.

ರೈನ್‌ಬೋ ನಮ್ಮ ಕೈಗೆ ಎಟುಕುವುದು ಕಷ್ಟ. ನೀನು ಆರ್ಚರ್ ಚೀಟಿಯ ಬೆನ್ನು ಹತ್ತು. ಆಗ ಚೀಟಿಗಳಿಗೆ ತೂತಿನ ಅಂಚು ಇರಲಿಲ್ಲ. 240 ಚೀಟಿಗಳ ಹಾಳೆಯನ್ನು ಕತ್ತರಿ ಹಿಡಿದೇ ಬಿಡಿಸಬೇಕು. ಐರ್ಲೆಂಡಿನ ಹೆನ್ರಿ ಆರ್ಚರ್ ಮೊದಲು ಸಣ್ಣ ಸೀಳು ಹಾಕುವ ಯಂತ್ರ ಮಾಡಿದ, ಅದು ಸರಿಹೋಗಲಿಲ್ಲ. ಆಮೇಲೆ ಸಾಲಾಗಿ ತೂತು ಕೊರೆಯುವ ಯಂತ್ರ. 1853ರಲ್ಲಿ ಸರ್ಕಾರ 4000 ಪೌಂಡ್ ಕೊಟ್ಟು ಅವನ ಹಕ್ಕನ್ನು ಕೊಂಡಿತು. ಖುಷಿಯ ವಿಷಯ ಏನೆಂದರೆ, ಅವನ ಪ್ರಯೋಗದ ಹಾಳೆಗಳು ಜನರ ಕೈಗೂ ಹೋದವು. ಹಾಗಾಗಿ ಠಸ್ಸೆ ಬಿದ್ದ, ನಿಜವಾಗಿ ಕಾಗದದ ಜೊತೆ ಓಡಾಡಿದ ಆರ್ಚರ್ ಚೀಟಿಗಳೂ ಸಿಗುತ್ತವೆ.

ಒಂದು ಎಚ್ಚರ. ತೂತಿಲ್ಲದ ಹಳೇ ಪೆನಿ ರೆಡ್‌ಗೆ ಯಾರು ಬೇಕಾದರೂ ತೂತು ಕೊರೆದು ಆರ್ಚರ್ ಚೀಟಿ ಅಂತ ಮಾರಬಹುದು. ಚೀಟಿಯ ಕೆಳಮೂಲೆಗಳಲ್ಲಿರುವ ಅಕ್ಷರದ ಶೈಲಿ, ಯಾವ ಅಚ್ಚಿನದು ಅನ್ನುವುದು, ಎರಡೂ ನಿಜವಾದ ಆರ್ಚರ್ ಚೀಟಿಗೆ ತಾಳೆಯಾಗಬೇಕು. ಅಂಚೆಚೀಟಿ ಪರಿಣತರ ಸಂಘವಾದ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥವರ ಪ್ರಮಾಣಪತ್ರ ಇಲ್ಲದೆ ಸುಮ್ನೆ ದುಡ್ಡು ಕೊಡಬೇಡ. ಯಾವುದಾದರೂ ಕಣ್ಣಿಗೆ ಬಿದ್ದರೆ ಹಿಂದೆ ಮುಂದೆ ಎರಡೂ ಕಡೆ ಫೋಟೊ ತೆಗೆದು ನನಗೆ ಕಳಿಸು, ಕೂತು ನೋಡೋಣ.

ನಿನ್ನ ಗೆಳೆಯ